ಹಿತ್ತಾಳೆಯ ಬಸವಣ್ಣನ ಜೊತೆ ಪರದೇಶಕ್ಕೆ

ಪರದೇಶಕ್ಕೆ ಹೋಗಿ ಬಂದವರು ಹಿಮ ನೋಡಿದ್ದನ್ನು ಬರೆಯುತ್ತಾರೆ, ಅರಮನೆ ನೋಡಿದ್ದನ್ನು ಬರೆಯುತ್ತಾರೆ. ನನಗೆ ಬರೆಯಲು ಇರುವುದು ಒಂದು ಬಾಗಿಲು. ಗೋಡೆಯೇ ಸರಿದು ಬಂದಂತೆ ನಿಧಾನವಾಗಿ ಮುಚ್ಚಿಕೊಳ್ಳುವ ದಪ್ಪ ಬಾಗಿಲು, ಅದರ ಮುಂದೆ ಅಚ್ಚುಕಟ್ಟಾಗಿ ಬಿಟ್ಟಿದ್ದ ಒಂದು ಜೊತೆ ಚಪ್ಪಲಿ. ಬಂದು ಒಂದು ಮಳೆಗಾಲ ಕಳೆಯಿತು. ಇವತ್ತಿಗೂ ಹುಬ್ಬಳ್ಳಿ ರಸ್ತೆಯಲ್ಲಿ ಆಂಬುಲೆನ್ಸ್ ಕೂಗಿದರೆ ನನ್ನ ಕಣ್ಣು ಸುತ್ತಮುತ್ತ ಆ ಚಪ್ಪಲಿಗಳನ್ನು ಹುಡುಕುತ್ತದೆ.

ಚಪ್ಪಲಿಯ ಒಡೆಯ ನನ್ನ ಕಾಕಾ. ಅವನು ತನ್ನ ಪ್ರವಾಸ ಕಥನವನ್ನು ಬಸ್‌ಸ್ಟ್ಯಾಂಡಿನಲ್ಲಿ ಎರಡೇ ಮಾತಿನಲ್ಲಿ ಮುಗಿಸಿದ್ದಾನೆ: "ಊರು ಅಗದಿ ಸ್ವಚ್ಛರಿ. ಊಟ ಅಷ್ಟ ಸಪ್ಪಗ."

ದೇಶದ ಹೆಸರು ಹೇಳುವುದಿಲ್ಲ. ಅಲ್ಲಿನ ವಿಜ್ಞಾನಿ ಎಲ್ಕೆ ಅವರಿಗೆ ಮಾತು ಕೊಟ್ಟಿದ್ದೇನೆ. ಯುರೋಪಿನ ನಡುಭಾಗ, ಹೊಳೆಯ ದಂಡೆಯ ಸಣ್ಣ ಊರು ಎಂದಷ್ಟೇ ತಿಳಿಯಿರಿ.

ಮಿಶ್ರಿಕೋಟಿ

ಹೊರಟವರು ಮೂವರು. ನಾನು ಗಿರಿಜಾ, ಕಲಘಟಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಾಕಾ ಚನ್ನಬಸಪ್ಪ, ಅಪ್ಪನ ತಮ್ಮ, ಮಿಶ್ರಿಕೋಟಿಯಲ್ಲಿ ಭತ್ತ, ಗೋವಿನಜೋಳ ಬೆಳೆಯುವವನು. ಮೂರನೆಯವನು ನಮ್ಮ ದೇವರ ಮನೆಯ ಬಸವಣ್ಣ. ಕಾಕಾನ ಅಜ್ಜ ಮಾಡಿಸಿದ ಹಿತ್ತಾಳೆಯ ಎತ್ತು. ಕುಂಬಳಕಾಯಿಯಷ್ಟು ಗಾತ್ರ, ಒಳಗೆ ಟೊಳ್ಳು, ಮೇವು ಕೇಳುವವನಂತೆ ಬಾಯಿ ತುಸು ತೆರೆದಿರುತ್ತದೆ. ಅಲ್ಲಾಡಿಸಿದರೆ ಹೊಟ್ಟೆಯಲ್ಲಿ ಏನೋ ಗಿಲಕಿಯಂತೆ ಸಪ್ಪಳ ಮಾಡುತ್ತದೆ. ಏನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬನಿಗೆ ಗೊತ್ತಿತ್ತು, ಅವನು ಹೇಳಿರಲಿಲ್ಲ.

ಎರಡು ವರ್ಷದಿಂದ ಬಸವಣ್ಣನ ಕೊರಳು ಸೀಳುತ್ತಿತ್ತು. ಮೊದಲು ಕೂದಲೆಳೆಯಷ್ಟು, ಆಮೇಲೆ ಉಗುರು ಹೋಗುವಷ್ಟು. ಅಣ್ಣಿಗೇರಿಯಲ್ಲಿ ಹಿತ್ತಾಳೆ ಎರಕ ಹೊಯ್ಯುವ ದಸ್ತಗೀರಸಾಬರಿಗೆ ತೋರಿಸಿದೆವು. ಅವರು ಬೆರಳಿನಿಂದ ಕೊರಳು ಸವರಿ, ತಲೆ ಅಲ್ಲಾಡಿಸಿದರು.

"ಹೊರಗಿಂದ ಬೆಸುಗಿ ಹಾಕಿದ್ರ ಬಾಜುಕ್ಕ ಮತ್ತ ಒಡೀತೈತ್ರಿ. ಒಳಗ ಏನೋ ದಬ್ಬಾಕತ್ತೈತಿ. ಕೊಯ್ದು ನೋಡಬೇಕು, ಇಲ್ಲಾ ಕರಗಿಸಿ ಹೊಸಾದು ಹೊಯ್ಯಬೇಕು."

ಮನೆಗೆ ಬಂದು ಕಾಕಾ ಜಗುಲಿಯ ಮೇಲೆ ಕೂತ. "ಕರಗಿಸಿದ ಮ್ಯಾಲ ಅಂವ ನಮ್ಮ ಬಸವಣ್ಣ ಹೆಂಗ ಅಕ್ಕಾನ ಬೇ? ನಾಳೆ ನನ್ನ ಕರಗಿಸಿ ಮತ್ತೊಬ್ಬನ್ನ ಹೊಯ್ದ್ರ ನಿಮ್ಮ ಕಾಕು ಮನಿಯಾಗ ಇಟಗೋತಾಳೇನು?"

ಒಳಗಿನಿಂದ ಅವನ ಹೆಂಡತಿ, ನಮ್ಮ ಕಾಕು, ಕೂಗಿದಳು: "ಮೊದಲ ಹೊಯ್ಯರಿ, ಹೆಂಗ ಬರತೈತಿ ನೋಡಿ ಹೇಳತೀನಿ."

ಎಲ್ಕೆ ನಮ್ಮ ಬದುಕಿಗೆ ಬಂದದ್ದು ಆಗ. ಅಧ್ಯಾಪಕರಿಗಾಗಿ ನಡೆದ ಆನ್‌ಲೈನ್ ಉಪನ್ಯಾಸವೊಂದರಲ್ಲಿ ಅವರು ಕೊಯ್ಯದೆ, ಒಡೆಯದೆ ವಸ್ತುಗಳ ಒಳಗನ್ನು ನೋಡುವ ಬಗೆ ವಿವರಿಸಿದ್ದರು. ವಸ್ತುವನ್ನು ತಿರುಗಿಸುತ್ತ ನೂರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಪೋಣಿಸಿ, ಬೇಕಾದಲ್ಲಿ ಹೋಳು ಮಾಡಿ ನೋಡುವುದು. ವಸ್ತು ಇದ್ದಂತೆಯೇ ಇರುತ್ತದೆ, ಹೋಳಾಗುವುದು ಚಿತ್ರ ಮಾತ್ರ. ಅವರ ಅಧ್ಯಯನವೇ ಟೊಳ್ಳು ಎರಕದ ಮೂರ್ತಿಗಳು. ನಾನು ಸುಮ್ಮನೆ ಕೊರಳಿನ ಫೋಟೋ ಕಳಿಸಿದೆ. ಅವರು ಸುಮ್ಮನಿರಲಿಲ್ಲ, ಮೂರ್ತಿಯನ್ನು ತಮ್ಮ ಪ್ರಯೋಗಾಲಯಕ್ಕೇ ತನ್ನಿ ಎಂದು ಕರೆದರು.

ಪರದೇಶಕ್ಕೆ ಒಯ್ಯಲು, ಮೂರ್ತಿಗೆ ನೂರು ವರ್ಷ ತುಂಬಿಲ್ಲ ಎಂಬ ಪ್ರಮಾಣಪತ್ರ ಬೇಕಾಗಿತ್ತು. ಅದು ಕೈಗೆ ಬಂದಾಗ ಕಾಕಾ ಮುಖ ಸಣ್ಣದು ಮಾಡಿದ. "ನೂರೂ ಆಗಿಲ್ಲಂತ! ನಮ್ಮ ಬಸವಣ್ಣ ಅಷ್ಟ ಸಣ್ಣಾಂವ ಏನು?"

ಹೊರಡುವ ದಿನ ಮುಂಜಾನೆ ಕಾಕಾ ದೇವರ ಮನೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗಿದ್ದ. ಅತ್ತ ಕಾಕು ಎಮ್ಮೆಗೆಂದು ತವರೂರು ತಿರ್ಲಾಪುರದಿಂದ ತರಿಸಿದ್ದ ಹತ್ತಿಕಾಳಿನ ಡಬ್ಬಿ ಬಗ್ಗಿಸಿ ನೋಡುತ್ತ ಬೈಯುತ್ತಿದ್ದಳು: "ಎಷ್ಟ ತುಂಬಿಟ್ರೂ ಕಡಿಮಿ ಆಗತೈತಿ. ಈ ಇಲಿಗೋಳ ಹಲ್ಲ ಮುರಿಲಿ!"

ಕಾಕಾ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದ. "ನಡಿ, ಹೋಗೂಣು," ಎಂದ.

ವಿಮಾನ ನಿಲ್ದಾಣ

ಬಸವಣ್ಣನನ್ನು ಲಗೇಜಿಗೆ ಹಾಕಲು ಕಾಕಾ ಒಪ್ಪಲಿಲ್ಲ. ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ತಪಾಸಣೆಯ ಯಂತ್ರದ ಪರದೆಯ ಮೇಲೆ ಬಸವಣ್ಣ ಕಪ್ಪು ಗುಡ್ಡೆಯಂತೆ ಕಂಡ. ಒಳಗೆ ಏನೂ ಕಾಣಲಿಲ್ಲ. ಅಧಿಕಾರಿ ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದರು.

"ಅಲ್ಲಾಡಿಸಬ್ಯಾಡ್ರಿ ಸಾಹೇಬ್ರ," ಎಂದ ಕಾಕಾ. "ಈಗ ಉಂಡಾನು."

ಅಧಿಕಾರಿ ನಕ್ಕರು. ನಾನೂ ನಕ್ಕೆ. ಕಾಕಾ ಒಬ್ಬನೇ ನಗಲಿಲ್ಲ. ಅಧಿಕಾರಿ ಸ್ಫೋಟಕದ ಪರೀಕ್ಷೆಗೆಂದು ಹತ್ತಿಯ ತುಂಡಿನಿಂದ ಬಸವಣ್ಣನ ಬೆನ್ನು ಒರೆಸಿ, ಪತ್ರಗಳನ್ನೆಲ್ಲ ಓದಿ, ಕೊನೆಗೆ ಕೈಮುಗಿದು ಬಿಟ್ಟರು.

ವಿಮಾನದಲ್ಲಿ ಕಾಕಾನ ಧೋತರದ ತೊಡೆಯ ಭಾಗ ಒದ್ದೆಯಾಗಿತ್ತು. ನೀರು ಚೆಲ್ಲಿದೆಯೇ ಎಂದೆ. "ಬಸವಣ್ಣ ಬೆವತಾನ," ಎಂದ. "ಮೊದಲನೇ ಸಲ ಹಾರಾಕತ್ತಾನಲ್ಲ." ಹಿತ್ತಾಳೆ ಬೆವರುವುದಿಲ್ಲ ಎಂದು ಭೌತಶಾಸ್ತ್ರದವಳಿಗೆ ಹೊಳೆಯಬೇಕಿತ್ತು. ತಣ್ಣನೆಯ ಲೋಹದ ಮೇಲೆ ಗಾಳಿಯ ತೇವ ಕೂತಿರಬೇಕು ಎಂದು ನಾನೇ ವಿವರಣೆ ಕೊಟ್ಟುಕೊಂಡು ಮಲಗಿದೆ. ಓದಿದವರಿಗೆ ಇದೊಂದು ಅನುಕೂಲ. ಯಾವುದಕ್ಕಾದರೂ ಒಂದು ಕಾರಣ ಸಿಕ್ಕೇ ಸಿಗುತ್ತದೆ.

ಹೊಳೆ ದಂಡೆಯ ಊರು

ಆ ಊರಿನವರು ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ಒಂದು ಮುಂಜಾನೆ ನಮ್ಮ ಪಕ್ಕ ಒಬ್ಬ ಮುದುಕರು ಹೀಗೆ ನಿಂತಿದ್ದರು. ಕಾಕಾ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಕಣ್ಣಿಗೆ ಕಾಣುವಷ್ಟು ದೂರ ಒಂದು ಸೈಕಲ್ಲೂ ಇರಲಿಲ್ಲ.

"ಯಾರು ಬರೂದು ಕಾಯಾಕತ್ತಾರ ಇವರು?"

"ಯಾರೂ ಇಲ್ಲ ಕಾಕಾ. ಅದು ನಿಯಮ."

"ಕಲಘಟಗಿ ಸಂತಿ ದಿನ ಇವರನ್ನ ಒಮ್ಮೆ ಕರಕೊಂಡ ಹೋಗಿ ನಿಂದರಸಬೇಕು," ಎಂದ. ಆದರೂ ಮುದುಕರ ಜೊತೆಗೇ ನಿಂತ, ಅವರ ಜೊತೆಗೇ ದಾಟಿದ, ದಾಟಿದ ಮೇಲೆ "ಬರ್ರಿ, ಚಾ ಕುಡಿಯೂಣು" ಎಂದು ಕರೆದ. ಅವರು ಬೆದರಿ ಬೇಗ ಬೇಗ ನಡೆದುಬಿಟ್ಟರು.

ಅತಿಥಿಗೃಹದ ಎಲಿವೇಟರಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರೂ ಬಾಗಿಲನ್ನೇ ದಿಟ್ಟಿಸುತ್ತಾರೆ. ಕಾಕಾ ಒಬ್ಬನೇ ಬಾಗಿಲಿಗೆ ಬೆನ್ನು ಮಾಡಿ ಎಲ್ಲರನ್ನೂ ಎದುರಾಗಿ ನೋಡುತ್ತ ನಿಲ್ಲುತ್ತಿದ್ದ. ಮೂರನೆಯ ದಿನಕ್ಕೆ ಇಬ್ಬರು ಅವನಿಗೆ "ನಮಸ್ಕಾರ್ರಿ" ಎನ್ನಲು ಕಲಿತಿದ್ದರು.

ಗಿರಣಿ

ಎಲ್ಕೆ ಎತ್ತರದ ಹೆಂಗಸು. ಬೆಳ್ಳಗಿನ ಕೂದಲು, ಮೆಲ್ಲಗಿನ ಮಾತು. ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ನಾನು ಕಾಕಾನಿಗೆ ಕನ್ನಡದಲ್ಲಿ ದಾಟಿಸುತ್ತಿದ್ದೆ. ಅವರ ಪ್ರಯೋಗಾಲಯದಲ್ಲಿ ಒಂದು ಉದ್ದನೆಯ ಕಪಾಟು. ಅದರ ಮೇಲೆ ಬೇರೆ ಬೇರೆ ದೇಶಗಳಿಂದ ಬಂದ ವಸ್ತುಗಳು ಸರದಿಯಲ್ಲಿ ಕೂತಿದ್ದವು: ಜಂಗು ಹಿಡಿದ ಕತ್ತಿ, ಬಿರುಕು ಬಿಟ್ಟ ಕಾಂಕ್ರೀಟ್ ತುಂಡು, ಒಂದು ಕಲ್ಲು. ನಮ್ಮೂರ ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳು ಸಾಲಾಗಿ ಕೂಡುವಂತೆಯೇ.

ಕಾಕಾ ಕಲ್ಲಿನತ್ತ ಕೈ ತೋರಿಸಿದ. "ಇದಕ್ಕೇನ ಆಗೇತಿ?"

ಅದರೊಳಗೆ ಸಣ್ಣ ಹಲ್ಲಿಯಂಥ ಪ್ರಾಣಿಯ ಪಳೆಯುಳಿಕೆ ಇದೆ, ಕಲ್ಲು ಒಡೆದರೆ ಅದೂ ಪುಡಿಯಾಗುತ್ತದೆ, ಅದಕ್ಕೇ ಹೀಗೆ ನೋಡುತ್ತಾರೆ, ಸತ್ತು ಕೋಟಿಗಟ್ಟಲೆ ವರ್ಷ ಆಗಿದೆ ಎಂದೆ.

"ಹಂಗಾರ ಅದಕ್ಕ ಅವಸರ ಇಲ್ಲಲ್ಲ? ನಮ್ಮನ್ನ ಮುಂದ ಬಿಡಾಕ ಹೇಳು."

ಇದನ್ನು ಎಲ್ಕೆಗೆ ದಾಟಿಸಿದೆ. ಅವರು ಗಹಗಹಿಸಿ ನಕ್ಕು, ಹಲ್ಲಿಯ ಯಜಮಾನರಿಗೆ ಫೋನ್ ಮಾಡಿ, ನಿಜವಾಗಿಯೂ ನಮ್ಮನ್ನು ಮುಂದೆ ಬಿಟ್ಟರು. ಊರ ಗಿರಣಿಯಲ್ಲೂ ಕಾಕಾ ಎಂದೂ ಸರದಿಯಲ್ಲಿ ನಿಂತವನಲ್ಲ.

ಮೊದಲ ದಿನ ಕ್ಷ-ಕಿರಣ. ಬಸವಣ್ಣನನ್ನು ಒಂದು ಸಣ್ಣ ತಿರುಗಣೆಯ ಮೇಲೆ ನಿಲ್ಲಿಸಿದರು. ಅದು ತುಸು ತಿರುಗಿ ನಿಲ್ಲುತ್ತದೆ, ಒಂದು ಚಿತ್ರ. ಮತ್ತೆ ತುಸು ತಿರುಗುತ್ತದೆ, ಮತ್ತೊಂದು. ಪರದೆಯ ಮೇಲೆ ಇದನ್ನು ನೋಡಿ ಕಾಕಾ ಎದ್ದು ನಿಂತ.

"ಏನ್ ಬೇ, ನಮ್ಮ ಬಸವಣ್ಣನ್ನ ಗಾಣಕ್ಕ ಹೂಡ್ಯಾರ!"

"ಗಾಣ ಅಲ್ಲ ಕಾಕಾ, ಎಲ್ಲಾ ಕಡಿಂದ ಚಿತ್ರ ಬೇಕಲ್ಲ."

"ತಿರಗೂದು ತಿರಗೂದನ. ನಡುವ ಬಿಡಿಸಿ ನೀರು ಕುಡಸ್ತಾರೋ ಇಲ್ಲೋ, ಕೇಳು."

ನಾನು ನಕ್ಕು ಸುಮ್ಮನಾದೆ. ಆ ಮಾತನ್ನು ಎಲ್ಕೆಗೆ ದಾಟಿಸಬೇಕಿತ್ತು.

ಕ್ಷ-ಕಿರಣದಿಂದ ಕೊರಳಿನ ಹೊರಗಿನ ಸೀಳು ಕಂಡಿತು. ಒಳಗಿನದು ಮಸುಕು. ಕ್ಷ-ಕಿರಣ ಮದುವೆ ಮನೆಗೆ ಬಂದ ಬೀಗತಿಯ ಹಾಗೆ. ಬಂಗಾರ, ಹಿತ್ತಾಳೆ ಎಂದು ಭಾರದ ಲೋಹ ಕಂಡಲ್ಲಿ ಕಣ್ಣು ನೆಟ್ಟು ನಿಂತುಬಿಡುತ್ತದೆ. ನ್ಯೂಟ್ರಾನ್ ಎಂಬ ಕಣದ ಸ್ವಭಾವ ಬೇರೆ, ಅದು ಬಾಜೂಮನೆಯ ಅವ್ವ. ಲೋಹವನ್ನು ಅಷ್ಟಾಗಿ ಲೆಕ್ಕಿಸದೆ ನೆಟ್ಟಗೆ ಅಡುಗೆಮನೆಗೆ ನುಗ್ಗಿ, ಎಲ್ಲಿ ನೀರಿದೆ, ಎಲ್ಲಿ ಹಸಿ ಇದೆ, ಅಲ್ಲಿ ತಡೆದು ನಿಲ್ಲುತ್ತದೆ. ಅದಕ್ಕೇ ಎಲ್ಕೆ ಮರುದಿನ ನ್ಯೂಟ್ರಾನ್ ಕಿರಣಕ್ಕೆ ಇಡೋಣ ಎಂದರು.

ದಪ್ಪ ಬಾಗಿಲು

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ಎತ್ತಿಕೊಳ್ಳಲು ಕೆಲವು ದಿನ ಬೇಕಾದವು.

ನ್ಯೂಟ್ರಾನ್ ಬರುವ ಕೋಣೆಯೊಳಗೆ ಮನುಷ್ಯ ಇದ್ದಾಗ ಕಿರಣ ಬರಕೂಡದು. ಅದಕ್ಕಾಗಿ ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ. ಎಲ್ಕೆ ಒಳಗಿನ ಮೂಲೆಯವರೆಗೂ ನಡೆದು ಯಾರೂ ಇಲ್ಲ ಎಂದು ನೋಡಿ, ಅಲ್ಲೊಂದು ಗುಂಡಿ ಒತ್ತಿ, ಹೊರಬಂದು ಇನ್ನೊಂದು ಒತ್ತಬೇಕು. ಆಗ ಸೈರನ್ ಕೂಗುತ್ತದೆ, ಬಾಗಿಲು ಸರಿಯತೊಡಗುತ್ತದೆ. ಸೈರನ್ ನಿಂತ ಮೇಲೆ ಕಿರಣ. "ನಾನು ಹೊರಬಂದ ಮೇಲೆ ಯಾರೂ ಒಳಗೆ ಹೋಗಬಾರದು," ಎಂದರು. ಕಾಕಾನಿಗೆ ಹೇಳಿದೆ. "ಆತು," ಎಂದ.

ನೆಲ ಕೊಳೆಯಾಗದಂತೆ ನಮ್ಮ ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿದ್ದರು. ಕಾಕಾ ಚಪ್ಪಲಿಯ ಮೇಲೆಯೇ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದ. ಎಲ್ಕೆ ಒಳಗೆ ಹೋದರು, ಬಂದರು, ಗುಂಡಿ ಒತ್ತಿದರು. ಸೈರನ್ ಶುರುವಾಯಿತು. ಪರದೆಯ ಮೇಲೆ ಏನೋ ತೋರಿಸಲು ನನ್ನನ್ನು ಕರೆದರು. ಇಬ್ಬರೂ ಬಾಗಿಲಿಗೆ ಬೆನ್ನು ಮಾಡಿದೆವು.

"ಕಾಕಾ, ಇಲ್ನೋಡು," ಎಂದೆ.

ತಿರುಗಿದೆ. ಬೆಂಚಿನ ಮೇಲೆ ಅವನ ಟವೆಲ್ ಇತ್ತು. ಬಾಗಿಲು ಆಗಲೇ ಗೋಡೆಗೆ ಸೇರಿ ಧಪ್ ಎಂದಿತು. ಅದರ ಮುಂದೆ, ನೀಲಿ ಚೀಲ ತೊಟ್ಟ ಚಪ್ಪಲಿಗಳು, ಒಂದರ ಪಕ್ಕ ಒಂದು.

ಬಸವಣ್ಣ ಇರುವ ಕೋಣೆಗೆ ಕಾಕಾ ಜನ್ಮದಲ್ಲಿ ಚಪ್ಪಲಿ ಮೆಟ್ಟಿ ಹೋದವನಲ್ಲ. ಮೆಟ್ಟಿಯೇ ಹೋಗಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಇದನ್ನು ಎಷ್ಟು ಸಲ ಯೋಚಿಸಿದ್ದೇನೋ.

ಇಷ್ಟು ವರ್ಷ ಕಲಿತ ಇಂಗ್ಲಿಷ್ ಒಂದು ಅಕ್ಷರ ಬಾಯಿಗೆ ಬರಲಿಲ್ಲ. "ಕಾಕಾ! ಕಾಕಾ ಒಳಗದಾನ!" ಎಂದು ಕನ್ನಡದಲ್ಲೇ ಚೀರಿ ಚಪ್ಪಲಿಯತ್ತ ಕೈ ತೋರಿಸಿದೆ. ಎಲ್ಕೆ ಚಪ್ಪಲಿ ನೋಡಿದರು. ಅವರ ಕುರ್ಚಿ ಹಿಂದಕ್ಕೆ ಉರುಳಿತು. ಗೋಡೆಯ ಕೆಂಪು ಗುಂಡಿಯ ಮೇಲೆ ಮೊದಲು ಅವರ ಅಂಗೈ ಬಿತ್ತು, ಅದರ ಮೇಲೆ ನನ್ನದು.

ಸೈರನ್ ನಿಂತಿತು. ಬಾಗಿಲು ತೆರೆಯತೊಡಗಿತು, ಆದರೆ ಮುಚ್ಚಿದಷ್ಟೇ ನಿಧಾನವಾಗಿ. ಎಲ್ಲಕ್ಕಿಂತ ಕೆಟ್ಟದ್ದು ಆ ಹೊತ್ತು. ಸಂದಿಯಲ್ಲಿ ಮೊದಲು ಕಂಡದ್ದು ಅವನ ಧೋತರದ ಅಂಚು, ಆಮೇಲೆ ಕೈ, ಕೈಯಲ್ಲಿ ಊರಿನಿಂದ ತಂದಿದ್ದ ತಾಮ್ರದ ತಂಬಿಗೆ.

"ಯಾಕ ಅಳಾಕತ್ತಿ?" ಎಂದ ಕಾಕಾ.

ನಾನು ಅವನ ಎರಡೂ ತೋಳು ಹಿಡಿದುಕೊಂಡೆ. ಎಲ್ಕೆ ನೆಲದ ಮೇಲೆಯೇ ಕೂತುಬಿಟ್ಟಿದ್ದರು. ಒಳಗೂ ಒಂದು ಕೆಂಪು ಗುಂಡಿ ಇದೆ, ಅದನ್ನೇಕೆ ಒತ್ತಲಿಲ್ಲ ಎಂದು ಕೇಳಿ ಎಂದರು.

"ಮಂದಿ ಮನಿಯಾಗ ಕಂಡಕಂಡದ್ದನ್ನ ಒತ್ತೂದು ಛಲೋ ಅಲ್ಲ," ಎಂದ.

"ಯಾರೂ ಒಳಗ ಹೋಗಬಾರದು ಅಂತ ಹೇಳಿದ್ನಲ್ಲ ಕಾಕಾ!"

"ಅದು ಮಷೀನ್ ನೋಡಾಕ ಹೋಗವ್ರಿಗೆ. ನಾ ನಮ್ಮ ಮನಿಯವನ್ನ ನೋಡಾಕ ಹೋಗಿದ್ದೆ." ತುಸು ತಡೆದು, "ಕೊರಳ ಒಣಗಿತ್ತು," ಎಂದು ತಂಬಿಗೆಯನ್ನು ಬೆನ್ನ ಹಿಂದೆ ಸರಿಸಿದ. ಅವನದೇ ಕೊರಳು ಎಂದುಕೊಂಡೆ.

ಆಮೇಲೆ ಎಲ್ಕೆ ಚಿತ್ರ ಬಿಡಿಸಿ ವಿವರಿಸಿದರು. ಸೈರನ್ ಕೂಗುವುದೇ ಇಂಥ ಎಡವಟ್ಟಿಗಾಗಿ, ಅದು ಮುಗಿಯದೆ ಕಿರಣದ ಕಂಡಿ ತೆರೆಯುವುದೇ ಇಲ್ಲ, ನಾವು ಒತ್ತಿದ ಮೇಲಂತೂ ಸಾಧ್ಯವೇ ಇರಲಿಲ್ಲ. ಭೌತಶಾಸ್ತ್ರದ ಅಧ್ಯಾಪಕಿಯಾಗಿ ನಾನು ಅದನ್ನು ಒಪ್ಪಿದ್ದೇನೆ. ಅಣ್ಣನ ಮಗಳಾಗಿ ಇನ್ನೂ ಒಪ್ಪಿಲ್ಲ. ನಾನು ತಿರುಗದೇ ಇದ್ದಿದ್ದರೆ ಎಂಬಲ್ಲಿಗೆ ನನ್ನ ಲೆಕ್ಕ ನಿಂತುಬಿಡುತ್ತದೆ.

ಪರದೆ

ಎಲ್ಕೆ ಎಲ್ಲರಿಗೂ ಕಾಫಿ ಕೊಟ್ಟು, ಕಾಕಾನನ್ನು ನನ್ನ ಪಕ್ಕ ಕೂಡಿಸಿ, ಪದ್ಧತಿಯನ್ನು ಮೊದಲಿನಿಂದ ಮಾಡಿದರು. ನಾನು ಕಾಕಾನ ಕೈ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಸವಣ್ಣನ ಒಳಗು ಪರದೆಯ ಮೇಲೆ ಬಂತು. ಎಲ್ಕೆ ಅದನ್ನು ಹಲಸಿನಹಣ್ಣು ಹೋಳು ಮಾಡಿದಂತೆ ಮಾಡುತ್ತ ಹೋದರು.

ಹೊಟ್ಟೆಯ ತಳದಲ್ಲಿ ಒಂದು ಗೆರೆ, ನೆಟ್ಟಗೆ, ಕೆರೆಯ ಮೇಲ್ಮೈಯಂತೆ. ಅದರ ಕೆಳಗೆ ಮೊಟ್ಟೆಯಾಕಾರದ ಸಣ್ಣ ವಸ್ತುಗಳು.

"ಬೀಜಗಳು!" ಎಲ್ಕೆಯ ಧ್ವನಿ ಏರಿತು. "ಎರಕ ಹೊಯ್ದವರೇ ಇಟ್ಟಿರಬೇಕು. ನಿಮ್ಮ ಕಡೆ ಹೀಗೆ ಕಾಣಿಕೆ ಹಾಕುವ ಪದ್ಧತಿ ಇದೆಯೇ?" ಸಹೋದ್ಯೋಗಿಗಳನ್ನು ಕರೆಯಲು ಫೋನ್ ಕೈಗೆತ್ತಿಕೊಂಡರು. ಇನ್ನೊಂದು ಕೈಯಿಂದ ಚಿತ್ರ ದೊಡ್ಡದು ಮಾಡಿದರು. ಆಗ ಫೋನ್ ಮೆಲ್ಲಗೆ ಕೆಳಗಿಳಿಯಿತು.

ಮೂರು ನಾಲ್ಕು ಬೀಜಗಳಿಗೆ ಸಣ್ಣ ಬಾಲಗಳಿದ್ದವು.

"ಇವು ಮೊಳಕೆ ಒಡೆದಿವೆ," ಎಂದರು ಎಲ್ಕೆ.

ಅವರು ನನ್ನನ್ನು ನೋಡಿದರು. ನಾನು ಕಾಕಾನನ್ನು ನೋಡಿದೆ. ಕಾಕಾ ಮೇಲಿನ ದೀಪ ನೋಡುತ್ತಿದ್ದ.

"ಕಾಕಾ."

"ಹೂಂ."

"ಇವು ಹತ್ತಿಕಾಳು."

"ಇರಬಹುದು."

"ಹಂಗಾರ ಕಾಕುನ ಡಬ್ಬಿಯ ಇಲಿ ನೀನ?"

ಕಾಕಾ ಟವೆಲ್ ಮಡಿಚಿದ, ಬಿಚ್ಚಿದ. "ಎತ್ತಿಗಿ ಮೇವ ಹಾಕದ ಊರ ಬಿಡಸ್ತಾರೇನ ಬೇ ಯಾರರ? ಇಷ್ಟ ದೂರ ಬರಾಂವ. ಒಂದ್ ಹಿಡಿ ಕಾಳ ಹಾಕಿ ನೀರ ಕುಡಿಸಿದೆ."

"ಒಮ್ಮೆ ಅಷ್ಟ?"

ಟವೆಲ್ ಹೆಗಲಿಗೆ ಹಾಕಿಕೊಂಡು ಹೇಳಿದ. ಟ್ರ್ಯಾಕ್ಟರ್ ತಂದು ಎತ್ತಿನ ಜೋಡಿ ಮಾರಿದ ಮರುದಿನದಿಂದ ದಿನಾಲೂ, ಹಿಂದಿನ ದಿನದ್ದನ್ನು ಬಗ್ಗಿಸಿ ಚೆಲ್ಲಿ. "ಮುಂಜಾನೆದ್ದ ಕೂಡ್ಲೆ ಕೈ ತಂಬಿಗಿ ಹುಡಕತಾವ. ಯಾರಿಗೆ ಕುಡಸ್ಲಿ? ಟ್ರ್ಯಾಕ್ಟರಿಗೇನು? ಅದಕ್ಕ ಇಂವಗ ಕುಡಿಸಿದೆ. ಬಾಯಿ ತಕ್ಕೊಂಡ ನಿಂತಿರತಾನ, ನೋಡೀಯಲ್ಲ."

ಇದನ್ನು ಎಲ್ಕೆಗೆ ದಾಟಿಸುವಾಗ ನಗು ಬಂತು. ಅವರೂ ನಕ್ಕರು. ನಗುತ್ತಲೇ ಚಿತ್ರವನ್ನು ಕೊರಳಿಗೆ ತಂದರು, ಆಮೇಲೆ ನಗು ನಿಂತಿತು. ಎರಕ ಹೊಯ್ಯುವಾಗ ತಲೆಗೂ ಮೈಗೂ ಆಧಾರವಾಗಿ ಒಳಗೊಂದು ಕಬ್ಬಿಣದ ಸರಳು ಇಟ್ಟಿದ್ದರು. ಅದು ಪೂರಾ ಜಂಗು ಹಿಡಿದು, ಉಬ್ಬಿ, ಹಿತ್ತಾಳೆಯನ್ನು ಒಳಗಿನಿಂದ ಒತ್ತಿ ಸೀಳುತ್ತಿತ್ತು. ಕೊರಳಿಗೆ ದಿನಾ ನೀರು ಬಿದ್ದಿರಬೇಕು, ವರ್ಷಗಟ್ಟಲೆ, ಎಂದರು.

ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

"ಏನಂತಾರ?" ಎಂದ ಕಾಕಾ.

"ಸರಳು ಕೆಟ್ಟೈತಿ ಅಂತಾರ."

"ಆ ಉಬ್ಬಿದ್ದು ಜಂಗ ಅಲ್ಲೇನು?"

"ಹೂಂ."

ಕಾಕಾ ಪರದೆಯ ಹತ್ತಿರ ಹೋಗಿ ನಿಂತ. ಕೊರಳು ನೋಡಿದ, ಹೊಟ್ಟೆಯ ನೀರಿನ ಗೆರೆ ನೋಡಿದ. ಕಬ್ಬಿಣ, ನೀರು, ಜಂಗು. ರೈತನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬಂದು ಕೂತು, ತಂಬಿಗೆಯನ್ನು ಕಾಲಿನಿಂದ ಬೆಂಚಿನ ಕೆಳಗೆ ಮೆಲ್ಲಗೆ ದೂಡಿದ.

"ಉಳಿತಾನೇನ, ಕೇಳು," ಎಂದ. ಅವತ್ತು ಇಡೀ ದಿನದಲ್ಲಿ ಅವನ ಧ್ವನಿ ನಡುಗಿದ್ದು ಅದೊಂದೇ ಸಲ.

ಎಲ್ಕೆ ಕೊರಳನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದರು. ಸೀಳು ಒಂದು ಮಗ್ಗುಲಿಗೆ ಮಾತ್ರ ಇತ್ತು, ಉಳಿದ ಹಿತ್ತಾಳೆ ಗಟ್ಟಿ. ಕೊಯ್ಯುವುದು ಬೇಡ, ಕರಗಿಸುವುದಂತೂ ಬೇಡವೇ ಬೇಡ. ಪೂರಾ ಒಣಗಿಸಿ ಬೆಸುಗೆ ಹಾಕಿಸಿದರೆ ಬಾಳುತ್ತಾನೆ. ಆದರೆ ಇನ್ನು ಮುಂದೆ ಒಂದು ಹನಿ ನೀರು ಒಳಗೆ ಹೋಗಕೂಡ‌ದು.

"ಒಂದ್ ಹನಿ?" ಎಂದ ಕಾಕಾ.

"ಒಂದ್ ಹನಿನೂ."

"ಮನಿಯಾಗ ಎತ್ತ ಕಟ್ಟಿ, ನೀರ ಕೊಡದ..." ಎಂದು ಅರ್ಧಕ್ಕೆ ನಿಲ್ಲಿಸಿದ.

ನ್ಯೂಟ್ರಾನ್ ಬಿದ್ದ ಹಿತ್ತಾಳೆ ಕೆಲವು ದಿನ ತಾನೇ ಕಿರಣ ಸೂಸುತ್ತದೆ. ಅದಕ್ಕೆ ಬಸವಣ್ಣನನ್ನು ಸೀಸದ ಕಪಾಟಿನಲ್ಲಿ ಇಟ್ಟು, ಮುಟ್ಟಬೇಡಿ ಎಂದರು. ಕಾಕಾ ತಲೆಯೆತ್ತಿದ. "ನಮ್ಮಾಗ ಸೂತಕ ಇಲ್ಲ ಅಂತ ಹೇಳು. ಬಸವಣ್ಣನ ಮಂದಿ ನಾವು." ಎಲ್ಕೆ ಕಿರಣ ಅಳೆಯುವ ಒಂದು ಸಣ್ಣ ಯಂತ್ರವನ್ನು ಬಸವಣ್ಣನ ಬಳಿ ಹಿಡಿದರು. ಅದು ಹುರಿಯುವ ಶೇಂಗಾದಂತೆ ಚಟಪಟ ಎಂದಿತು. ಜನ್ಮದಲ್ಲಿ ಸೂತಕ ಹಿಡಿಯದ ಕಾಕಾ ಅದೊಂದನ್ನು ಹಿಡಿದ. ಚಟಪಟ ನಿಂತ ದಿನ ಎಲ್ಕೆ ಕಾಳುಗಳನ್ನು ಬಾಯಿಂದ ಹೊರತೆಗೆದರು. ಒಂದು ಮೊಳಕೆಯನ್ನು ತಮ್ಮ ಕಿಟಕಿಯ ಕುಂಡದಲ್ಲಿ ಊರಿದರು.

ಮತ್ತೆ ಮಿಶ್ರಿಕೋಟಿ

ದಸ್ತಗೀರಸಾಬರು ಒಳಗಿನ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದರು. "ಹೊಟ್ಟಿ ಒಳಗ ಹತ್ತಿ ಬಿತ್ಯಾರಲ್ಲರಿ ಗೌಡ್ರ!" ಎಂದು ಕಾಕಾನ ಕಾಲೆಳೆದರು. ಕೊರಳಿಗೆ ಬೆಸುಗೆ ಹಾಕಿದರು. ನನ್ನ ಮಾತಿನಂತೆ ಬಾಯಿಯ ಸಂದಿಯ ಒಳಭಾಗಕ್ಕೆ ಜೇನುಮೇಣ ತುಂಬಿ ಮುಚ್ಚಿದರು. ಕಾಕು ಡಬ್ಬಿಗೆ ಬೀಗ ಹಾಕಿದ್ದಾಳೆ. ಕೀಲಿ ಸೆರಗಿನ ಗಂಟಿನಲ್ಲಿ.

ಮೊನ್ನೆ ಮುಂಜಾನೆ ಕಾಕಾನ ಮನೆಗೆ ಹೋಗಿದ್ದೆ. ಓಣಿಯಲ್ಲಿ ಯಾರೋ ಟ್ರ್ಯಾಕ್ಟರಿನ ಹಾರ್ನ್ ಒತ್ತಿ ಹಿಡಿದಿದ್ದರು. ಕಣ್ಣು ತಾನಾಗಿ ಹೊಸ್ತಿಲಿಗೆ ಹೋಯಿತು. ದೇವರ ಮನೆಯ ಮುಂದೆ ಚಪ್ಪಲಿಗಳಿದ್ದವು, ಒಂದರ ಪಕ್ಕ ಒಂದು. ಬಾಗಿಲು ದೂಡಿದೆ. ತೆಳ್ಳಗಿನ ಹಲಗೆಯ ಬಾಗಿಲು, ಬೆರಳಿಗೇ ತೆರೆಯಿತು.

ಕಾಕಾ ಬಸವಣ್ಣನ ಮುಂದೆ ಕೂತು, ತುಂಬಿದ ತಂಬಿಗೆಯನ್ನು ಅವನ ಬಾಯಿಯ ಹತ್ತಿರ ಹಿಡಿದಿದ್ದ.

"ಕಾಕಾ!"

"ಒಂದ್ ಹನಿ ಹಾಕಿಲ್ಲ ಬೇ," ಎಂದ, ತಿರುಗದೆ. "ತೋರಿಸಿದೆ ಅಷ್ಟ."

ಕಾಕಾ ತಂಬಿಗೆಯನ್ನು ಹೊರಗೆ ಒಯ್ದು ಎಮ್ಮೆಯ ಬಾನಿಗೆ ಸುರಿದ. ನಾನು ಬಗ್ಗಿ ನೋಡಿದೆ. ಬಸವಣ್ಣನ ತುಟಿ ಒದ್ದೆಯಾಗಿತ್ತು.

ಮೇಣ ಗಟ್ಟಿಯಾಗಿದೆ. ಎಲ್ಕೆಗೆ ನಾನಿದನ್ನು ಬರೆದಿಲ್ಲ.